ಕೆಳದವಡೆಯ ಒಂದು ಹಲ್ಲು: ಕೀಳಿಸಿದಲ್ಲಿಂದ ಕ್ಯಾಪ್ ಕೂರುವವರೆಗೆ

ಕೆಳದವಡೆಯ ಎಡಗಡೆ ಮೊದಲ ದೊಡ್ಡ ಹಲ್ಲು. ದಂತವೈದ್ಯರ ಚೀಟಿಯಲ್ಲಿ ಅದರ ನಂಬರು 36. ಆರನೇ ವಯಸ್ಸಿನ ಆಸುಪಾಸಿನಲ್ಲೇ ಹುಟ್ಟುವ ಹಲ್ಲಾದ್ದರಿಂದ ಹುಳುಕಿಗೂ ಮೊದಲು ಸಿಗುವುದು ಅದೇ. ನನ್ನ 36ಕ್ಕೆ ರೂಟ್ ಕೆನಾಲ್ ಆಗಿ ಕ್ಯಾಪ್ ಕೂತು ವರ್ಷಗಳಾಗಿದ್ದವು. ದೊಡ್ಡ ನೋವೇನೂ ಇರಲಿಲ್ಲ. ಒಂದು ಬದಿಯಿಂದ ಕಚ್ಚಿದರೆ ಮಾತ್ರ ಚುಳ್ ಅನ್ನುವುದು, ಪಕ್ಕದ ವಸಡಿನ ಮೇಲೆ ಸಣ್ಣ ಕೀವುಗುಳ್ಳೆ ಎದ್ದು, ಒಡೆದು, ಮತ್ತೆ ಏಳುವುದು, ಅಷ್ಟೇ. ವೈದ್ಯರು ಅಳತೆಕಡ್ಡಿ ಇಳಿಸಿ ನೋಡಿದಾಗ ವಸಡಿನ ಸುತ್ತ ಎಲ್ಲ ಕಡೆ ಸರಿಯಿತ್ತು, ಒಂದೇ ಒಂದು ಜಾಗದಲ್ಲಿ ಕಡ್ಡಿ ಸರ್ರನೆ ಆಳಕ್ಕೆ ಹೋಯಿತು. ಎಕ್ಸ್‌ರೇಯಲ್ಲಿ ಬೇರಿನ ಪಕ್ಕ ಕಪ್ಪು ನೆರಳು. ಬೇರು ಉದ್ದಕ್ಕೆ ಸೀಳಿದೆ ಅನ್ನುವುದಕ್ಕೆ ಈ ಎರಡು ಗುರುತು ಒಟ್ಟಿಗೆ ಸಿಕ್ಕರೆ ಅನುಮಾನ ಹೆಚ್ಚು ಉಳಿಯುವುದಿಲ್ಲ. ಇಂಥ ಸೀಳನ್ನು ಅಂಟಿಸುವ ಮದ್ದಿಲ್ಲ, ಮತ್ತೆ ರೂಟ್ ಕೆನಾಲ್ ಮಾಡಿಸಿದರೂ ಸೋಂಕು ಅದೇ ಸೀಳಿನಿಂದ ಒಳಗೆ ಹೋಗುತ್ತದೆ.

ಎಲ್ಲ ಹುಳುಕು ಹಲ್ಲಿನ ಕಥೆಯೂ ಕೀಳುವಲ್ಲಿಗೇ ಮುಗಿಯಬೇಕಿಲ್ಲ. ಹುಳುಕು ನರದವರೆಗೆ ಹೋಗಿದ್ದರೂ ವಸಡಿನ ಮೇಲೆ ಸುತ್ತಲೂ ಎರಡು ಮಿಲಿಮೀಟರಿನಷ್ಟು ಗಟ್ಟಿ ಹಲ್ಲು ಉಳಿದಿದ್ದರೆ ರೂಟ್ ಕೆನಾಲ್ ಮಾಡಿ ಕ್ಯಾಪ್ ಹಾಕಿ ಉಳಿಸಿಕೊಳ್ಳಬಹುದು. ಅಷ್ಟು ಇಲ್ಲದಿದ್ದರೆ ಕ್ಯಾಪಿಗೆ ಹಿಡಿತ ಸಿಗುವುದಿಲ್ಲ, ಒಂದು ದಿನ ಬುಡದಲ್ಲೇ ಮುರಿದು ಬರುತ್ತದೆ. ‘ಉಳಿಸಬಹುದಾ’ ಅಂತ ಕೇಳುವುದಕ್ಕಿಂತ ‘ಮೇಲೆ ಎಷ್ಟು ಹಲ್ಲು ಉಳಿದಿದೆ, ಬೇರು ಸೀಳಿದೆಯಾ, ಸುತ್ತಲ ಮೂಳೆ ಎಷ್ಟಿದೆ’ ಅಂತ ಕೇಳಿ, ಉತ್ತರ ಖಚಿತವಾಗಿ ಬರುತ್ತದೆ. ಇನ್ನೊಂದು: ವಾರಗಟ್ಟಲೆ ಸಿಡಿದ ಹಲ್ಲು ಇದ್ದಕ್ಕಿದ್ದಂತೆ ತಣ್ಣಗಾದರೆ ವಾಸಿಯಾಯಿತೆಂದಲ್ಲ, ಒಳಗಿನ ನರ ಸತ್ತಿದೆ ಎಂದು. ಲವಂಗದ ಎಣ್ಣೆ ಜಾಗವನ್ನು ಮರಗಟ್ಟಿಸುತ್ತದೆ, ಹುಳುಕನ್ನು ನಿಲ್ಲಿಸುವುದಿಲ್ಲ. ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಹೋಗುತ್ತದೆ ಅನ್ನುವ ಮಾತು ನಮ್ಮಲ್ಲಿ ಇನ್ನೂ ಇದೆ. ಹಲ್ಲಿನ ನರಕ್ಕೂ ದೃಷ್ಟಿಯ ನರಕ್ಕೂ ಸಂಬಂಧವಿಲ್ಲ.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಖಾಲಿ ಜಾಗಕ್ಕೆ ಏನು ಹಾಕಿಸುವುದು ಅನ್ನುವುದು ಹಲ್ಲು ಕೀಳಿಸುವುದಕ್ಕೆ ಮೊದಲೇ ನಿರ್ಧಾರವಾಗಬೇಕು. ‘ಮೊದಲು ಕೀಳಿಸಿಬಿಡೋಣ, ಆಮೇಲೆ ನೋಡೋಣ’ ಅನ್ನುವವರೇ ಹೆಚ್ಚು. ಹಲ್ಲು ಹೋದ ಮೇಲೆ ಅದನ್ನು ಹಿಡಿದಿದ್ದ ಮೂಳೆಗೆ ಕೆಲಸವಿಲ್ಲ, ಅದು ಕರಗತೊಡಗುತ್ತದೆ. ಮೊದಲ ವರ್ಷದಲ್ಲೇ ಅಗಲದ ಹೆಚ್ಚುಕಡಿಮೆ ಅರ್ಧದಷ್ಟು ಹೋಗಬಹುದು, ಅದರಲ್ಲೂ ಹೆಚ್ಚಿನದು ಮೊದಲ ಮೂರು ತಿಂಗಳಲ್ಲಿ. ಜೊತೆಗೆ ಹಿಂದಿನ ಹಲ್ಲು ಖಾಲಿ ಜಾಗದ ಕಡೆ ವಾಲುತ್ತದೆ, ಮೇಲಿನ ಹಲ್ಲು ಎದುರು ತಡೆಯಿಲ್ಲದೆ ಕೆಳಗಿಳಿಯುತ್ತದೆ. ನಾಲ್ಕೈದು ವರ್ಷ ಬಿಟ್ಟು ಹೋದರೆ ಒಂದು ಹಲ್ಲಿನ ಬದಲು ಮೂರು ಹಲ್ಲಿಗೆ ಕೆಲಸ ಬೀಳುತ್ತದೆ.

ದಾರಿಗಳು ನಾಲ್ಕು. ಮೊದಲನೆಯದು ಏನೂ ಹಾಕಿಸದೆ ಬಿಡುವುದು. ಇದು ಸದಾ ಕೆಟ್ಟ ದಾರಿಯೇನಲ್ಲ, ಕಟ್ಟಕಡೆಯ ದವಡೆ ಹಲ್ಲು ಹೋಗಿ ಎದುರಿನದೂ ಇಲ್ಲದಿದ್ದರೆ ಬಿಡಬಹುದು. ಎರಡನೆಯದು ತೆಗೆದು ಹಾಕುವ ಹಲ್ಲು. ಅಕ್ರಿಲಿಕ್‌ನದು ಅಗ್ಗ, ನನಗೆ ಹೇಳಿದ್ದು ಎರಡು ಸಾವಿರದ ಆಸುಪಾಸು. ಅದು ವಸಡಿನ ಮೇಲೆ ಕೂರುವುದರಿಂದ ನಿಪ್ಪಟ್ಟು ಕಡಿಯುವ ಬಲ ಬರುವುದಿಲ್ಲ. ಲೋಹದ ಚೌಕಟ್ಟಿನದು ಪಕ್ಕದ ಹಲ್ಲಿನ ಮೇಲೆ ಭಾರ ಹಾಕುವುದರಿಂದ ವಾಸಿ. ಬಾಗುವ ಪ್ಲಾಸ್ಟಿಕ್‌ನದು ನೋಡಲು ಚೆನ್ನ, ಹಾಕಿಕೊಳ್ಳಲು ಹಗುರ, ಆದರೆ ಮುರಿದರೆ ಅಥವಾ ಇನ್ನೊಂದು ಹಲ್ಲು ಸೇರಿಸಬೇಕಾದರೆ ರಿಪೇರಿ ಕಷ್ಟ.

ಮೂರನೆಯದು ಬ್ರಿಡ್ಜ್. ಆಚೀಚೆಯ ಎರಡು ಹಲ್ಲನ್ನು ಕಚ್ಚುವ ಮೇಲ್ಮೈಯಲ್ಲಿ ಒಂದೂವರೆಯಿಂದ ಎರಡು ಮಿಲಿಮೀಟರ್, ಸುತ್ತಲೂ ಅದಕ್ಕಿಂತ ಸ್ವಲ್ಪ ಕಡಿಮೆ ತೇಯ್ದು, ಮೂರು ಕ್ಯಾಪ್ ಸೇರಿಸಿದ ಒಂದೇ ತುಂಡನ್ನು ಅಂಟಿಸುತ್ತಾರೆ. ಎರಡು ಮೂರು ವಾರದಲ್ಲಿ ಕೆಲಸ ಮುಗಿಯುತ್ತದೆ, ಆಪರೇಷನ್ ಇಲ್ಲ. ಪಕ್ಕದ ಹಲ್ಲುಗಳಿಗೆ ಆಗಲೇ ಕ್ಯಾಪ್ ಇದ್ದರೆ ಅಥವಾ ದೊಡ್ಡ ಫಿಲ್ಲಿಂಗ್ ಇದ್ದರೆ ಬ್ರಿಡ್ಜೇ ಬುದ್ಧಿವಂತಿಕೆ. ಅವು ಗಟ್ಟಿಮುಟ್ಟಾಗಿದ್ದರೆ ಮಾತ್ರ ಯೋಚಿಸಬೇಕು: ತೇಯ್ದ ಹಲ್ಲು ಮತ್ತೆ ಬೆಳೆಯುವುದಿಲ್ಲ, ಕೆಲವು ಸಲ ಅದರ ನರವೂ ಸಾಯುತ್ತದೆ, ಕ್ಯಾಪಿನ ಅಂಚಿನಡಿ ಹುಳುಕು ಶುರುವಾದರೆ ಕಣ್ಣಿಗೆ ಕಾಣುವುದಿಲ್ಲ. ನಾಲ್ಕನೆಯದು ಇಂಪ್ಲಾಂಟ್, ಅಂದರೆ ಮೂಳೆಯೊಳಗೆ ಟೈಟಾನಿಯಂ ತಿರುಪು, ಅದರ ಮೇಲೆ ಕ್ಯಾಪ್. ಟೈಟಾನಿಯಂ ಮೂಳೆಗೆ ಬಿಡಿಸಲಾರದಂತೆ ಕಚ್ಚಿಕೊಳ್ಳುತ್ತದೆ ಎಂದು 1950ರ ದಶಕದಲ್ಲಿ ಕಂಡುಕೊಂಡವರು ಸ್ವೀಡನ್ನಿನ ವೈದ್ಯವಿಜ್ಞಾನಿ ಬ್ರೋನೆಮಾರ್ಕ್. ಮನುಷ್ಯರ ಬಾಯಿಗೆ ಅವರು ಅದನ್ನು ಹಾಕಿದ್ದು 1965ರಲ್ಲಿ. ಹೊಸ ಪ್ರಯೋಗವೇನಲ್ಲ.

ನನ್ನ ಪಕ್ಕದ ಎರಡೂ ಹಲ್ಲು ಚೆನ್ನಾಗಿದ್ದವು. ಹಾಗಾಗಿ ಇಂಪ್ಲಾಂಟ್.

ಎಲ್ಲಿ ಮಾಡಿಸುವುದು? ಬೆಂಗಳೂರಿನಲ್ಲಿ ಆಯ್ಕೆಗೆ ಬರವಿಲ್ಲ, ಜಯನಗರದ ಒಂದೇ ರಸ್ತೆಯಲ್ಲಿ ಐದಾರು ಬೋರ್ಡು ಕಾಣುತ್ತವೆ. ದುಡ್ಡು ಬಿಗಿಯಿದ್ದರೆ ಹಲ್ಲಿನ ಕಾಲೇಜುಗಳನ್ನು ಬಿಟ್ಟುಬಿಡಬೇಡಿ. ಕೋಟೆ ಪ್ರದೇಶದಲ್ಲಿ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿದೆ, ಕೆ.ಆರ್. ಮಾರ್ಕೆಟ್ ಮೆಟ್ರೋದಲ್ಲಿ ಇಳಿದರೆ ನಡೆದೇ ಹೋಗಬಹುದು. ಖಾಸಗಿ ಕಾಲೇಜುಗಳಲ್ಲಿ ಕೆ.ಆರ್. ರಸ್ತೆಯ ವಿ.ಎಸ್., ಜೆ.ಪಿ. ನಗರದ ಆರ್.ವಿ., ಎಂ.ಎಸ್. ರಾಮಯ್ಯ ಇವೆ. ಕಾಲೇಜಿನಲ್ಲಿ ಕ್ರಮ ಬೇರೆ. ಬೆಳಿಗ್ಗೆ ಚೀಟಿ ಮಾಡಿಸಿ ಮೊದಲು ತಪಾಸಣಾ ವಿಭಾಗಕ್ಕೆ ಹೋಗಬೇಕು, ಅಲ್ಲಿಂದ ಎಕ್ಸ್‌ರೇ, ಆಮೇಲೆ ಕೀಳುವವರ ವಿಭಾಗ ಒಂದು, ಕಟ್ಟುವವರ ವಿಭಾಗ ಇನ್ನೊಂದು. ಕೆಲಸ ಮಾಡುವವರು ವಿದ್ಯಾರ್ಥಿಗಳು, ಪಕ್ಕದಲ್ಲಿ ಅಧ್ಯಾಪಕರು ನಿಂತು ನೋಡುತ್ತಾರೆ. ಕ್ಲಿನಿಕ್ಕಿನಲ್ಲಿ ಅರ್ಧ ಗಂಟೆಗೆ ಮುಗಿಯುವುದಕ್ಕೆ ಅಲ್ಲಿ ಅರ್ಧ ದಿನ ಹಿಡಿಯಬಹುದು, ಆದರೆ ಅವಸರ ಮಾಡುವುದಿಲ್ಲ. ರಜೆ ಹಾಕಲು ಸಾಧ್ಯವಿರುವವರಿಗೆ ಒಳ್ಳೆಯ ಲೆಕ್ಕವೇ.

ಕ್ಲಿನಿಕ್ಕಾದರೆ ಎರಡು ವಿಷಯ ನೋಡಿ. ವೈದ್ಯರಿಗೆ ಕರ್ನಾಟಕ ರಾಜ್ಯ ದಂತ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಇದೆಯೇ? ಇಂಪ್ಲಾಂಟ್ ಕೂರಿಸುವವರು ಅಲ್ಲೇ ಇರುವವರೋ, ಹೊರಗಿನಿಂದ ಬಂದು ಹೋಗುವವರೋ? ಬಂದು ಹೋಗುವವರಾದರೆ ತಪ್ಪೇನಿಲ್ಲ, ಆದರೆ ಮಧ್ಯರಾತ್ರಿ ರಕ್ತ ನಿಲ್ಲದಿದ್ದರೆ ಯಾರಿಗೆ ಫೋನ್ ಮಾಡಬೇಕು ಅನ್ನುವುದನ್ನು ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ.

ದರ ಕೇಳುವಾಗ ಎಚ್ಚರ ಬೇಕು. ‘ಇಂಪ್ಲಾಂಟ್ ಇಪ್ಪತ್ತು ಸಾವಿರದಿಂದ’ ಅನ್ನುವ ಬೋರ್ಡಿನ ದರ ಬಹಳ ಕಡೆ ತಿರುಪಿನದು ಮಾತ್ರ. ತಿರುಪಿಗೂ ಕ್ಯಾಪಿಗೂ ನಡುವಿನ ಕೊಂಡಿ ಬೇರೆ, ಕ್ಯಾಪ್ ಬೇರೆ, ಸ್ಕ್ಯಾನ್ ಬೇರೆ, ಕರಗಿದ ಮೂಳೆಯ ಜಾಗಕ್ಕೆ ತುಂಬುವ ಮೂಳೆಪುಡಿ ಬೇಕಾದರೆ ಅದೂ ಬೇರೆ. ಎಲ್ಲ ಸೇರಿಸಿ ನನಗೆ ಬಂದ ಲೆಕ್ಕಗಳು ಮೂವತ್ತೈದು ಸಾವಿರದಿಂದ ಎಪ್ಪತ್ತು ಸಾವಿರದವರೆಗೆ ಹರಡಿದ್ದವು. ಅಂತರದ ಬಹುಪಾಲು ತಿರುಪಿನ ಕಂಪನಿಯದು: ಸ್ಟ್ರಾಮನ್, ನೊಬೆಲ್ ಬಯೋಕೇರ್ ದುಬಾರಿ, ಕೊರಿಯಾದ ಆಸ್ಟೆಮ್ ಥರದವು ಮಧ್ಯಮ. ಮೂರು ಹಲ್ಲಿನ ಜಿರ್ಕೋನಿಯಾ (ಲೋಹವಿಲ್ಲದ ಗಟ್ಟಿ ಬಿಳಿ ಪಿಂಗಾಣಿ) ಬ್ರಿಡ್ಜಿಗೆ ಇಪ್ಪತ್ತೈದರಿಂದ ನಲವತ್ತು ಸಾವಿರ ಅಂದರು, ಲೋಹದ ಮೇಲೆ ಪಿಂಗಾಣಿ ಹಾಕಿದ್ದಾದರೆ ಅದರ ಅರ್ಧ. ನನ್ನ ಅಭಿಪ್ರಾಯ: ತೀರಾ ದುಬಾರಿ ಕಂಪನಿಯೇ ಬೇಕೆಂದಿಲ್ಲ, ಆದರೆ ಹತ್ತು ವರ್ಷ ಬಿಟ್ಟು ತಿರುಪಿನ ಬಿಡಿಭಾಗ ಸಿಗದ, ಹೆಸರೇ ಕೇಳಿರದ ಕಂಪನಿ ಬೇಡ.

‘ಬಡ್ಡಿಯಿಲ್ಲದ ಇಎಂಐ’ ಅಂತ ಕೌಂಟರಿನಲ್ಲಿ ಹೇಳಿದರೆ ಅದು ಕ್ಲಿನಿಕ್ ಕೊಡುವ ಕಂತಲ್ಲ, ಫೈನಾನ್ಸ್ ಕಂಪನಿ ನಿಮ್ಮ ಹೆಸರಿನಲ್ಲಿ ಕೊಡುವ ಸಾಲ. ಪೂರ್ತಿ ಹಣ ಮೊದಲ ದಿನವೇ ಕ್ಲಿನಿಕ್ಕಿಗೆ ಹೋಗಿರುತ್ತದೆ, ಚಿಕಿತ್ಸೆ ನಡುವೆ ನಿಂತರೂ ಕಂತು ನಿಲ್ಲುವುದಿಲ್ಲ. ಹಂತ ಹಂತವಾಗಿ ಕೊಡುವುದೇ ಒಳ್ಳೆಯದು: ತಿರುಪು ಕೂತ ದಿನ ಒಂದು ಭಾಗ, ಅಳತೆಯ ದಿನ ಒಂದು, ಕ್ಯಾಪ್ ಕೂತ ಮೇಲೆ ಉಳಿದದ್ದು. ಸಾಮಾನ್ಯ ಆರೋಗ್ಯ ವಿಮೆಯಲ್ಲಿ ಹಲ್ಲಿನ ಕೆಲಸ ಬರುವುದಿಲ್ಲ, ಅಪಘಾತದಿಂದ ಹಲ್ಲು ಹೋಗಿ ಆಸ್ಪತ್ರೆ ಸೇರಿದ್ದರೆ ಮಾತ್ರ ಬರುವುದುಂಟು. ಹೊರರೋಗಿ ಖರ್ಚಿನ ಸೌಲಭ್ಯವಿರುವ ಪಾಲಿಸಿಯಾದರೆ ಕಾಗದ ತೆಗೆದು ಓದಿ ನೋಡಿ.

ಕೀಳಿಸುವ ಮೊದಲು ಕೇಳಿದ ಕಾಗದಗಳು: ಹಳೆಯ ಎಕ್ಸ್‌ರೇ, ಸಕ್ಕರೆಯ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ವರದಿ, ರಕ್ತ ಪರೀಕ್ಷೆ, ದಿನವೂ ತಗೊಳ್ಳುವ ಮಾತ್ರೆಗಳ ಪಟ್ಟಿ. ಈ ಪಟ್ಟಿ ಎಲ್ಲಕ್ಕಿಂತ ಮುಖ್ಯ. ಹೃದಯಕ್ಕೆಂದು ರಕ್ತ ತೆಳುವಾಗಿಸುವ ಆಸ್ಪಿರಿನ್, ಕ್ಲೊಪಿಡೊಗ್ರೆಲ್ ತಗೊಳ್ಳುವವರು ‘ರಕ್ತ ಹೆಚ್ಚು ಹೋದೀತು’ ಎಂದು ತಾವೇ ನಿಲ್ಲಿಸಿಬಿಡುತ್ತಾರೆ. ಹಾಗೆ ಮಾಡಬಾರದು. ಒಸರುವ ರಕ್ತವನ್ನು ಹತ್ತಿ ಒತ್ತಿ, ಹೊಲಿಗೆ ಹಾಕಿ ನಿಲ್ಲಿಸಬಹುದು, ಹೃದಯದ ರಕ್ತನಾಳದಲ್ಲಿ ಕಟ್ಟಿದ ರಕ್ತದ ಗೆಡ್ಡೆಯನ್ನು ಹಾಗೆ ನಿಲ್ಲಿಸಲಾಗುವುದಿಲ್ಲ. ಹೃದ್ರೋಗ ತಜ್ಞರಿಂದ ಒಂದು ಪತ್ರ ತನ್ನಿ. ಮೂಳೆ ಸವೆತಕ್ಕೆ ಅಲೆಂಡ್ರೊನೇಟ್ ಮಾತ್ರೆ ಅಥವಾ ಜೊಲೆಡ್ರೊನೇಟ್ ಇಂಜೆಕ್ಷನ್ ತಗೊಂಡಿರುವ ತಾಯಂದಿರು, ಅಜ್ಜಿಯರು ಮನೆಯಲ್ಲಿದ್ದರೆ ಅದನ್ನು ತಪ್ಪದೆ ಹೇಳಿ. ಈ ಔಷಧಿ ತಗೊಂಡವರಲ್ಲಿ ಹಲ್ಲು ಕಿತ್ತ ಜಾಗದ ದವಡೆ ಮೂಳೆ ಮಾಯದೆ ಸಾಯುವ ಅಪಾಯವಿದೆ. ವರ್ಷಕ್ಕೊಮ್ಮೆ ಹಾಕಿಸುವ ಇಂಜೆಕ್ಷನ್ ಆದ್ದರಿಂದ ‘ಯಾವ ಮಾತ್ರೆಯೂ ಇಲ್ಲ’ ಅಂದುಬಿಡುತ್ತಾರೆ. ಸಕ್ಕರೆ ಕಾಯಿಲೆ ಇದ್ದ ಮಾತ್ರಕ್ಕೆ ಇಂಪ್ಲಾಂಟ್ ಬೇಡವೆಂದಿಲ್ಲ, ಹತೋಟಿಯಲ್ಲಿರಬೇಕು. ವಯಸ್ಸಾದವರಿಗೂ ಅಡ್ಡಿಯಿಲ್ಲ, ಆದರೆ ದವಡೆ ಇನ್ನೂ ಬೆಳೆಯುತ್ತಿರುವ ಹದಿನೆಂಟರೊಳಗಿನ ಮಕ್ಕಳಿಗೆ ಹಾಕುವುದಿಲ್ಲ. ಬೀಡಿ ಸಿಗರೇಟು ಬಿಡದವರಲ್ಲಿ ಇಂಪ್ಲಾಂಟ್ ಕಳಚುವ ಸಂಭವ ಜಾಸ್ತಿ.

ಕೀಳುವ ದಿನ ತಿಂಡಿ ತಿಂದೇ ಹೋಗಿ. ಹೊಟ್ಟೆ ಖಾಲಿಯಿದ್ದರೆ ಇಂಜೆಕ್ಷನ್ ಹೊತ್ತಿಗೆ ತಲೆ ಸುತ್ತುತ್ತದೆ. ಕೆಳದವಡೆಯ ದೊಡ್ಡ ಹಲ್ಲಿಗೆ ಸಾಮಾನ್ಯವಾಗಿ ಎರಡು ಬೇರು. ಇಂಪ್ಲಾಂಟ್ ಉದ್ದೇಶವಿದ್ದರೆ ಇಕ್ಕಳ ಹಾಕಿ ಆಚೀಚೆ ಅಲ್ಲಾಡಿಸಿ ಎಳೆಯುವುದಕ್ಕಿಂತ, ಹಲ್ಲನ್ನು ಎರಡಾಗಿ ಕತ್ತರಿಸಿ ಒಂದೊಂದೇ ಬೇರನ್ನು ತೆಗೆಯುವುದು ಒಳ್ಳೆಯದು, ಹೊರಬದಿಯ ತೆಳು ಮೂಳೆ ಉಳಿಯುತ್ತದೆ. ಸಮಯ ಹೆಚ್ಚು, ಬಿಲ್ಲೂ ಸ್ವಲ್ಪ ಹೆಚ್ಚು. ನನಗೆ ಸೀಳಿನ ಪಕ್ಕದ ಮೂಳೆ ಸೋಂಕಿನಿಂದ ಆಗಲೇ ಕರಗಿತ್ತು, ಆದ್ದರಿಂದ ಗುಂಡಿಗೆ ಮೂಳೆಪುಡಿ ತುಂಬಿ, ತೆಳು ಪೊರೆ ಮುಚ್ಚಿ ಹೊಲಿದರು. ಲೆಕ್ಕದಲ್ಲಿ ಇಲ್ಲದ ಖರ್ಚು ಬಂದದ್ದು ಇಲ್ಲಿ, ಹತ್ತು ಸಾವಿರದ ಆಸುಪಾಸು. ಗುಂಡಿಯ ಗೋಡೆಗಳು ಗಟ್ಟಿಯಿದ್ದು ಸೋಂಕಿಲ್ಲದಿದ್ದರೆ ಕಿತ್ತ ದಿನವೇ ತಿರುಪು ಕೂರಿಸುವುದೂ ಉಂಟು.

ಹತ್ತಿಯುಂಡೆಯನ್ನು ಮುಕ್ಕಾಲು ಗಂಟೆ ಬಿಗಿಯಾಗಿ ಕಚ್ಚಿ, ನಡುನಡುವೆ ತೆಗೆದು ನೋಡಬೇಡಿ. ಆ ದಿನ ಉಗುಳಬಾರದು, ಬಾಯಿ ಮುಕ್ಕಳಿಸಬಾರದು, ಸ್ಟ್ರಾದಲ್ಲಿ ಎಳನೀರು ಹೀರಬಾರದು. ಗುಂಡಿಯಲ್ಲಿ ಕಟ್ಟುವ ರಕ್ತದ ಗೆಡ್ಡೆಯೇ ಅಲ್ಲಿನ ಮದ್ದು, ಹೀರಿದರೆ ಅದು ಕಿತ್ತು ಬರುತ್ತದೆ. ಉಪ್ಪು ಹಾಕಿದ ಬೆಚ್ಚಗಿನ ನೀರು ಇಪ್ಪತ್ನಾಲ್ಕು ಗಂಟೆಯ ನಂತರ. ಮೊಸರನ್ನ, ಆರಿದ ಗಂಜಿ, ಇಡ್ಲಿ. ಮುದ್ದೆ ಅಗಿಯುವ ಗೋಜಿಲ್ಲದ ಊಟವಾದ್ದರಿಂದ ಎರಡನೇ ದಿನಕ್ಕೆ ಆರಾಮಾಗಿ ಇಳಿಯಿತು, ಸಾರು ಮಾತ್ರ ಖಾರವಿಲ್ಲದೆ. ನೋವು ದಿನದಿನಕ್ಕೆ ಇಳಿಯಬೇಕು. ಮೂರನೇ ದಿನದ ಹೊತ್ತಿಗೆ ಇಳಿಯುವ ಬದಲು ಏರಿ, ಕಿವಿಯವರೆಗೆ ಎಳೆದು, ಬಾಯಿ ವಾಸನೆ ಬಂದರೆ ಅದು ಗುಂಡಿ ಒಣಗಿರುವ ಲಕ್ಷಣ, ಗೆಡ್ಡೆ ಹೋಗಿ ಮೂಳೆ ತೆರೆದುಕೊಂಡಿರುತ್ತದೆ. ಅಂಗಡಿಯಲ್ಲಿ ಆಂಟಿಬಯಾಟಿಕ್ ತಗೊಂಡರೆ ಕಡಿಮೆಯಾಗುವುದಿಲ್ಲ, ವೈದ್ಯರೇ ತೊಳೆದು ಔಷಧಿ ಇಟ್ಟರೆ ಅಂದೇ ಹಗುರಾಗುತ್ತದೆ.

ಆಮೇಲೆ ಕಾಯುವುದು. ಪುಡಿ ತುಂಬಿದ ಜಾಗ ಮೂಳೆಯಾಗಲು ನಾಲ್ಕು ತಿಂಗಳ ಹತ್ತಿರ ಬೇಕು. ಈ ನಡುವೆ ಏನೂ ಆಗುತ್ತಿಲ್ಲ ಅನ್ನಿಸುತ್ತದೆ, ಕ್ಲಿನಿಕ್ಕಿನವರು ಮರೆತರೇನೋ ಅನ್ನುವ ಅನುಮಾನ, ಕನ್ನಡಿ ಮುಂದೆ ಬಾಯಿ ತೆರೆದು ನೋಡುವ ಚಟ. ಅದು ಸಹಜ.

ಮೂಳೆ ಸಿದ್ಧವಾಯಿತೇ ಅಂತ ನೋಡಲು ದವಡೆಯನ್ನು ಎಲ್ಲ ದಿಕ್ಕಿನಿಂದಲೂ ತೋರಿಸುವ ಸಿಬಿಸಿಟಿ ಸ್ಕ್ಯಾನ್. ಒಂದು ದವಡೆಗೆ ಎರಡರಿಂದ ಮೂರು ಸಾವಿರ. ಮಾಮೂಲಿ ಎಕ್ಸ್‌ರೇಯಲ್ಲಿ ಮೂಳೆಯ ಎತ್ತರ ಕಾಣುತ್ತದೆ, ದಪ್ಪ ಕಾಣುವುದಿಲ್ಲ. ಕೆಳದವಡೆಯ ಒಳಗೆ ತುಟಿ, ಗದ್ದಕ್ಕೆ ಹೋಗುವ ನರದ ಕೊಳವೆ ಇದೆ, ತಿರುಪಿನ ತುದಿ ಅದರಿಂದ ಕನಿಷ್ಠ ಎರಡು ಮಿಲಿಮೀಟರ್ ದೂರ ನಿಲ್ಲಬೇಕು. ಮೇಲ್ದವಡೆಯಾದರೆ ಅಡ್ಡ ಬರುವುದು ಮೂಗಿನ ಪಕ್ಕದ ಗಾಳಿಗೂಡು. ಫಿಲ್ಮ್ ಜೊತೆಗೆ ಸ್ಕ್ಯಾನಿನ ಪೂರ್ತಿ ಫೈಲನ್ನು ಪೆನ್‌ಡ್ರೈವ್‌ಗೆ ಹಾಕಿಸಿಕೊಳ್ಳಿ. ಬರೀ ಪ್ರಿಂಟ್ ಹಿಡಿದು ಇನ್ನೊಬ್ಬ ವೈದ್ಯರ ಹತ್ತಿರ ಹೋದರೆ ಮತ್ತೆ ಸ್ಕ್ಯಾನ್ ಮಾಡಿಸಬೇಕಾದೀತು.

ತಿರುಪು ಕೂರಿಸುವುದು ಹಲ್ಲು ಕೀಳುವುದಕ್ಕಿಂತ ಸುಲಭ. ಇದನ್ನು ಯಾರು ಹೇಳಿದರೂ ನಂಬಿಕೆ ಬರುವುದಿಲ್ಲ, ಆದರೂ ಹೇಳುತ್ತೇನೆ. ಅದೇ ಮರಗಟ್ಟಿಸುವ ಇಂಜೆಕ್ಷನ್. ವಸಡು ಬಿಡಿಸಿ, ಮೊದಲು ಎರಡು ಮಿಲಿಮೀಟರಿನ ಸಣ್ಣ ಡ್ರಿಲ್, ಆಮೇಲೆ ಒಂದರ ಮೇಲೊಂದು ದಪ್ಪದ್ದು. ಮೂಳೆ ಬಿಸಿಯಾದರೆ ಸಾಯುತ್ತದೆ, 47 ಡಿಗ್ರಿ ಒಂದು ನಿಮಿಷ ತಾಕಿದರೂ ಸಾಕು, ಅದಕ್ಕೇ ಸಲೈನ್ ನೀರು ಬಿಡದೆ ಸುರಿಯುತ್ತಿರುತ್ತದೆ. ನೋವಿಲ್ಲ, ದವಡೆ ಪೂರ್ತಿ ಅದುರುವುದು ಗೊತ್ತಾಗುತ್ತದೆ. ದವಡೆ ಹಲ್ಲಿಗೆ ಸಾಮಾನ್ಯವಾಗಿ ನಾಲ್ಕೂವರೆ ಐದು ಮಿಲಿಮೀಟರ್ ದಪ್ಪ, ಹತ್ತರ ಆಸುಪಾಸು ಉದ್ದದ ತಿರುಪು. ಅದರ ಡಬ್ಬಿಯ ಮೇಲೆ ಕಂಪನಿ, ಅಳತೆ, ಬ್ಯಾಚ್ ನಂಬರಿನ ಸ್ಟಿಕ್ಕರ್ ಇರುತ್ತದೆ. ಅದರ ಒಂದು ಪ್ರತಿಯನ್ನು ಅಂದೇ ಕೇಳಿ ಫೈಲಿಗೆ ಅಂಟಿಸಿಕೊಳ್ಳಿ. ಮುಂದೆ ಕ್ಲಿನಿಕ್ ಮುಚ್ಚಿದರೆ, ನೀವು ಊರು ಬಿಟ್ಟರೆ, ಬೇರೆಯವರು ಕೈ ಹಾಕಬೇಕಾದರೆ ಇದೊಂದು ಚೀಟಿ ಸಾಕು. ಇಲ್ಲದಿದ್ದರೆ ಎಕ್ಸ್‌ರೇ ನೋಡಿ ಯಾವ ತಿರುಪೆಂದು ಊಹಿಸಬೇಕು.

ಮನೆಗೆ ಬಂದ ಮೇಲೆ ಗಮನಿಸಬೇಕಾದ್ದು ತುಟಿ. ಇಂಜೆಕ್ಷನ್ನಿನ ಮಂಪರು ಕೆಲವು ಗಂಟೆಗಳಲ್ಲಿ ಬಿಡುತ್ತದೆ. ಮರುದಿನ ಬೆಳಿಗ್ಗೆಯೂ ಕೆಳತುಟಿ, ಗದ್ದ ಮರಗಟ್ಟಿದಂತೆಯೇ ಇದ್ದರೆ ‘ನಾಳೆ ನೋಡೋಣ’ ಅನ್ನಬೇಡಿ. ತಿರುಪು ನರವನ್ನು ಒತ್ತುತ್ತಿರಬಹುದು, ಬೇಗ ಹೊರಗೆ ತೆಗೆದರೆ ನರ ಚೇತರಿಸಿಕೊಳ್ಳುವ ಅವಕಾಶ ಹೆಚ್ಚು.

ಕೆಳದವಡೆಯಲ್ಲಿ ತಿರುಪು ಮೂಳೆಗೆ ಬೆಸೆಯಲು ಸುಮಾರು ಮೂರು ತಿಂಗಳು, ಮೇಲ್ದವಡೆಯ ಮೂಳೆ ಮೆತ್ತಗಿರುವುದರಿಂದ ನಾಲ್ಕರಿಂದ ಆರು. ಈ ಅವಧಿಯಲ್ಲಿ ತಿರುಪಿನ ಬಾಯಿಗೆ ಹಾಕಿದ್ದ, ನನ್ನ ವಸಡಿನ ಮೇಲೆ ಕಾಣುತ್ತಿದ್ದ ಸಣ್ಣ ಲೋಹದ ಮುಚ್ಚಳ ಸಡಿಲವಾಗಿ ಅಲ್ಲಾಡತೊಡಗಿತು. ಇಂಪ್ಲಾಂಟೇ ಕಳಚಿತೆಂದು ಎದೆ ಧಸಕ್ಕೆಂದಿತು. ಅಲ್ಲಾಡುವುದು ಮುಚ್ಚಳವೋ ತಿರುಪೋ ಅಂತ ನಮಗೆ ಗೊತ್ತಾಗುವುದಿಲ್ಲ, ನಾಲಿಗೆಯಿಂದ ತಳ್ಳಿ ನೋಡುತ್ತಾ ಕೂರದೆ ಹೋಗಿ ಬಿಗಿ ಮಾಡಿಸಿಕೊಂಡರೆ ಎರಡು ನಿಮಿಷದ ಕೆಲಸ. ಹಾಗೇ ಬಿಟ್ಟರೆ ಮುಚ್ಚಳ ಹೊಟ್ಟೆಗೆ ಹೋಗಿ, ವಸಡು ಮುಚ್ಚಿಕೊಂಡು ಮತ್ತೆ ಕೊಯ್ಯಬೇಕಾಗುತ್ತದೆ.

ಅಳತೆ ತೆಗೆಯುವ ಮೊದಲು ಹಲ್ಲು ಕ್ಲೀನ್ ಮಾಡಿಸಿ, ಬಣ್ಣವನ್ನು ಹಗಲು ಬೆಳಕಿನಲ್ಲಿ ಹೋಲಿಸಲು ಹೇಳಿ. ಕ್ಯಾಪ್ ಎರಡು ಬಗೆ: ಸಿಮೆಂಟಿನಿಂದ ಅಂಟಿಸುವುದು, ಸ್ಕ್ರೂ ಹಾಕಿ ಬಿಗಿಯುವುದು. ದವಡೆ ಹಲ್ಲಿಗೆ ನಾನು ಕೇಳಿದ್ದು ಸ್ಕ್ರೂ. ಸಿಮೆಂಟ್ ವಸಡಿನಡಿ ಉಳಿದುಬಿಟ್ಟರೆ ಅದೇ ಸೋಂಕಿಗೆ ಮೂಲ, ಸ್ಕ್ರೂ ಆದರೆ ಬೇಕಾದಾಗ ಬಿಚ್ಚಬಹುದು. ಸ್ಕ್ರೂ ತಲೆಯ ಮೇಲೆ ತುರುಕುವುದು ಪ್ಲಂಬರ್‌ಗಳು ನಲ್ಲಿಗೆ ಸುತ್ತುವ ಬಿಳಿ ಟೆಫ್ಲಾನ್ ಟೇಪು, ಅದರ ಮೇಲೆ ಹಲ್ಲಿನ ಬಣ್ಣದ ಫಿಲ್ಲಿಂಗ್.

ಕಚ್ಚಿಸಿ ನೋಡುವ ಹಂತದಲ್ಲಿ ಸಂಕೋಚ ಬೇಡ. ನಿಜ ಹಲ್ಲಿನ ಬೇರಿನ ಸುತ್ತ ತೆಳು ನಾರಿನ ಪದರವಿದ್ದು ಕಚ್ಚಿದಾಗ ಹಲ್ಲು ಕೂದಲೆಳೆಯಷ್ಟು ತಗ್ಗುತ್ತದೆ, ಇಂಪ್ಲಾಂಟ್ ತಗ್ಗುವುದಿಲ್ಲ. ಆದ್ದರಿಂದ ಹೊಸ ಕ್ಯಾಪ್ ಉಳಿದ ಹಲ್ಲಿಗಿಂತ ಒಂದಿಷ್ಟು ಹಗುರವಾಗಿ ತಾಕಬೇಕು. ನೀಲಿ ಕಾಗದ ಇಟ್ಟು ಕಚ್ಚಿಸಿ, ಗುರುತು ಬಿದ್ದಲ್ಲಿ ತೇಯುತ್ತಾರೆ. ‘ಸರಿಹೋಯ್ತು’ ಅನ್ನುವ ಮೊದಲು ಬೆನ್ನು ನೆಟ್ಟಗೆ ಮಾಡಿ ಕೂತು ಮತ್ತೊಮ್ಮೆ ಕಚ್ಚಿ ನೋಡಿ, ಮಲಗಿದ್ದಾಗಿನ ಕಚ್ಚುವಿಕೆಯೇ ಬೇರೆ.

ಎಲ್ಲ ಹಲ್ಲೂ ಹೋಗಿರುವ ಹಿರಿಯರಿಗೆ ಲೆಕ್ಕ ಬೇರೆ. ಮೇಲಿನ ಸೆಟ್ಟು ಅಂಗುಳಕ್ಕೆ ಗಾಳಿಯ ಹಿಡಿತದಿಂದ ನಿಲ್ಲುತ್ತದೆ. ಕೆಳಗಿನದಕ್ಕೆ ಆ ಹಿಡಿತ ಇಲ್ಲ, ನಾಲಿಗೆ ಎತ್ತಿದಾಗಲೆಲ್ಲ ತೇಲುತ್ತದೆ. ಕೆಳಗೆ ಮುಂಭಾಗದಲ್ಲಿ ಎರಡೇ ಇಂಪ್ಲಾಂಟ್ ಹಾಕಿ ಸೆಟ್ಟನ್ನು ಅಂಗಿಯ ಗುಂಡಿಯಂತೆ ಅದಕ್ಕೆ ಸಿಕ್ಕಿಸುವ ವಿಧಾನವಿದೆ, ಪೂರ್ತಿ ಬಾಯಿಗೆ ಇಂಪ್ಲಾಂಟ್ ಹಾಕಿಸುವ ಖರ್ಚಿನ ಸಣ್ಣ ಪಾಲಿನಲ್ಲಿ ಮುಗಿಯುತ್ತದೆ. ಬಿಪಿಎಲ್ ಕಾರ್ಡಿನ ಹಿರಿಯರಿಗೆ ಪೂರ್ತಿ ಸೆಟ್ಟನ್ನು ಉಚಿತವಾಗಿ ಕೊಡಲು ರಾಜ್ಯ ಸರ್ಕಾರ ದಂತಭಾಗ್ಯ ಯೋಜನೆ ತಂದಿತ್ತು, ಕಾರ್ಡು, ಆಧಾರ್ ಹಿಡಿದು ಸರ್ಕಾರಿ ದಂತ ಕಾಲೇಜಿನಲ್ಲಿ ವಿಚಾರಿಸಿ. ಸೆಟ್ಟು ಬಂದ ಮೇಲೆ ವಸಡು ಹುಣ್ಣಾಗುವುದು ಸಹಜ, ಎರಡು ಮೂರು ಸಲ ಹೋಗಿ ತೇಯಿಸಿಕೊಳ್ಳಬೇಕು, ಮನೆಯಲ್ಲಿ ಉಪ್ಪುಕಾಗದ ಹಿಡಿದು ಉಜ್ಜಬಾರದು. ರಾತ್ರಿ ತೆಗೆದು ನೀರಲ್ಲಿಡಬೇಕು. ಉಜ್ಜಲು ಟೂತ್‌ಪೇಸ್ಟ್ ಬೇಡ, ಗೀರು ಬೀಳುತ್ತದೆ, ಕೈ ತೊಳೆಯುವ ಸೋಪು ಸಾಕು.

ಇಂಪ್ಲಾಂಟ್ ಹುಳುಕಾಗುವುದಿಲ್ಲ, ಆದರೆ ಅದರ ಸುತ್ತ ಕೊಳೆ ಕೂತರೆ ವಸಡು ಊದಿ ಮೂಳೆ ಕರಗಿ ತಿರುಪೇ ಕಳಚಬಹುದು, ಅದೂ ನೋವಿಲ್ಲದೆ. ನನಗೆ ಕ್ಯಾಪ್ ಕೂತ ಮೇಲೆ ಮುಂದಿನ ಹಲ್ಲಿನ ಸಂದಿಯಲ್ಲಿ ಸೊಪ್ಪು, ತೊಗರಿಬೇಳೆ ಸಿಕ್ಕಿಕೊಳ್ಳುತ್ತಿತ್ತು. ಕ್ಯಾಪ್ ಬಿಚ್ಚಿ ಲ್ಯಾಬಿಗೆ ಕಳಿಸಿ ಆ ಬದಿಗೆ ಪಿಂಗಾಣಿ ಸೇರಿಸಿ ಕೊಟ್ಟರು. ಸ್ಕ್ರೂ ಕೇಳಿದ್ದಕ್ಕೆ ಬೆಲೆ ಅಲ್ಲೇ ಸಿಕ್ಕಿತು. ಸಂದಿಗೆ ಹೋಗುವ ಸಣ್ಣ ಬ್ರಷ್ ಮೆಡಿಕಲ್ ಶಾಪಿನಲ್ಲಿ ಬೇರೆ ಬೇರೆ ದಪ್ಪದಲ್ಲಿ ಸಿಗುತ್ತದೆ, ಬಿಗಿಯಾಗಿ ಹೋಗಬೇಕು, ತುರುಕುವಂತಿರಬಾರದು, ನಡುವಿನ ತಂತಿಗೆ ಪ್ಲಾಸ್ಟಿಕ್ ಹೊದಿಕೆ ಇರುವುದನ್ನೇ ಕೊಳ್ಳಿ. ಮುಂದೆ ಎಂಆರ್‌ಐ ಮಾಡಿಸಬೇಕಾದರೆ ಭಯವಿಲ್ಲ, ಟೈಟಾನಿಯಂ ಅಯಸ್ಕಾಂತಕ್ಕೆ ಅಂಟುವುದಿಲ್ಲ, ತಂತ್ರಜ್ಞರಿಗೆ ಮೊದಲೇ ತಿಳಿಸಿ. ವರ್ಷಕ್ಕೊಂದು ಎಕ್ಸ್‌ರೇ ತೆಗೆಸಿ ಮೂಳೆಯ ಮಟ್ಟವನ್ನು ಕ್ಯಾಪ್ ಕೂತ ದಿನದ ಎಕ್ಸ್‌ರೇ ಜೊತೆ ಹೋಲಿಸಿಸಿ, ಆ ಮೊದಲ ಎಕ್ಸ್‌ರೇ ನಿಮ್ಮ ಹತ್ತಿರವೇ ಇರಲಿ. ಕ್ಯಾಪ್ ಯಾವಾಗಲಾದರೂ ಕಟ್ ಕಟ್ ಅಂದರೆ ಒಳಗಿನ ಸ್ಕ್ರೂ ಸಡಿಲವಾಗಿರುವುದೇ ಹೆಚ್ಚು. ಆ ಬದಿಯಲ್ಲಿ ಅಗಿಯುವುದನ್ನು ನಿಲ್ಲಿಸಿ ಅದೇ ವಾರ ಹೋಗಿ, ಸಡಿಲ ಸ್ಕ್ರೂ ಮೇಲೆ ತಿಂಗಳುಗಟ್ಟಲೆ ಅಗಿದರೆ ಅದು ತಿರುಪಿನೊಳಗೇ ಮುರಿಯುತ್ತದೆ, ಮುರಿದ ತುಂಡನ್ನು ಹೊರತೆಗೆಯುವುದು ಹೊಸದು ಹಾಕುವುದಕ್ಕಿಂತ ಕಷ್ಟ.